ಮುದ್ದೆ-ಸಾರಿನಲ್ಲಿ ಪ್ರೋಟೀನ್ ಸಾಕಾಗುತ್ತಾ? ಮಗನ ಪುಡಿ ಡಬ್ಬಿ ಬೇಕಾ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಊರು. ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮನೆಯಲ್ಲಿ ನಾಲ್ಕು ಜನ. ನನಗೆ 46 ವರ್ಷ, 58 ಕೆಜಿ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಯಜಮಾನರಿಗೆ 52, ಆರು ವರ್ಷದಿಂದ ಶುಗರ್ ಇದೆ. ಮಗನಿಗೆ 21, ತೂಕ 68 ಕೆಜಿ. ಜಿಮ್‌ಗೆ ಸೇರಿ ಎರಡು ಕೆಜಿಯ ಪ್ರೋಟೀನ್ ಪುಡಿ ಡಬ್ಬಿ ತಂದಿಟ್ಟಿದ್ದಾನೆ. ಅಲ್ಲಿಯ ಟ್ರೈನರ್ ದಿನಕ್ಕೆ 150 ಗ್ರಾಂ ಪ್ರೋಟೀನ್ ಬೇಕು ಅಂದಿದ್ದಾರಂತೆ. "ನಿನ್ನ ಸಾರಲ್ಲಿ ಏನೂ ಇಲ್ಲಮ್ಮ, ಬರೀ ನೀರು" ಅನ್ನುತ್ತಾನೆ. ಪುಡಿ ತಿಂದರೆ ಕಿಡ್ನಿ ಹೋಗುತ್ತದೆ ಅಂತ ಯಜಮಾನರು ಡಬ್ಬಿಯನ್ನು ಬಚ್ಚಿಡುತ್ತಾರೆ. ದಿನಾ ಜಗಳ. ನಾವು ಬೆಳಿಗ್ಗೆ ಉಪ್ಪಿಟ್ಟು, ದೋಸೆ, ಇಲ್ಲವೇ ಚಿತ್ರಾನ್ನ ತಿನ್ನುತ್ತೇವೆ. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಮುದ್ದೆ, ಅನ್ನ, ಸಾರು, ಮಜ್ಜಿಗೆ. ದಿನಕ್ಕೆ ನಾಲ್ಕು ಜನಕ್ಕೂ ಸೇರಿ ಒಂದು ಸಣ್ಣ ಲೋಟ ತೊಗರಿಬೇಳೆ ಹಾಕುತ್ತೇನೆ. ಅತ್ತೆಗೆ 73 ವರ್ಷ, 45 ಕೆಜಿ. ಮೊಣಕಾಲು ನೋವಿಗೆ ಬೇಳೆ ವಾಯು ಅಂತ ಯಾರೋ ಹೇಳಿ ಅವರು ಬೇಳೆಕಾಳು ಬಿಟ್ಟು ವರ್ಷವಾಯಿತು. ಗಂಜಿ, ಹಾಲು ಅನ್ನ, ಕಾಫಿಗೆ ಬಿಸ್ಕತ್ತು, ಅಷ್ಟೇ. ಈಗೀಗ ಕೂತರೆ ಏಳಲು ಕೈ ಕೊಡಬೇಕು. ಇನ್ನೊಂದು, ಸೋಯಾ ಗಂಡುಮಕ್ಕಳಿಗೆ ಆಗಿಬರುವುದಿಲ್ಲ ಅನ್ನುವುದು ನಿಜವೇ? ನಮ್ಮ ಊಟದಲ್ಲಿ ಪ್ರೋಟೀನ್ ಇದೆಯೋ ಇಲ್ಲವೋ ಒಮ್ಮೆ ಸರಿಯಾಗಿ ಹೇಳಿಬಿಡಿ.

ಉತ್ತರ: ನೀವು ಕೇಳಿದ್ದು ಮಗನ ಡಬ್ಬಿಯ ಬಗ್ಗೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಚಿಂತೆಯಾಗಿದ್ದು ನಿಮ್ಮ ಅತ್ತೆಯವರ ಬಗ್ಗೆ. ಆಮೇಲೆ ನಿಮ್ಮ ಬಗ್ಗೆ. ಮಗನದು ಮೂರನೆಯದು. ನಾನು ಆಸ್ಪತ್ರೆಯಲ್ಲಿ ಪಥ್ಯದ ಚೀಟಿ ಬರೆದುಕೊಡುವವಳು. ಪ್ರೋಟೀನ್ ಬಗ್ಗೆ ಕೇಳಿಕೊಂಡು ಬರುವವರು ಹೆಚ್ಚಾಗಿ ಜಿಮ್ ಹುಡುಗರೇ. ಪ್ರೋಟೀನ್ ಕಡಿಮೆಯಾಗಿ ಬರುವವರು ಮಾತ್ರ ಅವರ ಅಜ್ಜಿಯರು. ಅವರಿಗೆ ಅದು ಗೊತ್ತೇ ಇರುವುದಿಲ್ಲ. "ಸುಸ್ತು, ವಯಸ್ಸಾಯ್ತಲ್ಲ" ಅಂತ ಹೇಳಿಕೊಂಡು ಬರುತ್ತಾರೆ.

ಮೊದಲು ಮಗನ ಮಾತಿಗೆ ಉತ್ತರ ಕೊಡೋಣ. ಸಾರಲ್ಲಿ ಏನೂ ಇಲ್ಲ ಅನ್ನುವುದು ಸುಳ್ಳು. ಆದರೆ ಪೂರ್ತಿ ಸುಳ್ಳೂ ಅಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಧಾನ್ಯ, ಬೇಳೆ, ತರಕಾರಿಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಒಂದು ಪಟ್ಟಿ ಕೊಟ್ಟಿದೆ. ಅದರ ಪ್ರಕಾರ 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಹುರುಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೆಸರುಬೇಳೆ, ಉದ್ದಿನಬೇಳೆ, ಕಡಲೆಬೀಜದಲ್ಲಿ 23ರಿಂದ 24. ರಾಗಿಯಲ್ಲಿ 7, ಅಕ್ಕಿಯಲ್ಲಿ 8, ಜೋಳದಲ್ಲಿ 10, ಗೋಧಿ ಹಿಟ್ಟಿನಲ್ಲಿ ಹತ್ತೂವರೆ. ಹಸುವಿನ ಹಾಲಿನಲ್ಲಿ 3ಕ್ಕಿಂತ ಸ್ವಲ್ಪ ಜಾಸ್ತಿ. ಇದೆಲ್ಲ ಬೇಯಿಸುವ ಮೊದಲಿನ ಒಣ ತೂಕಕ್ಕೆ. ಬೇಳೆ ಬೆಂದರೆ ನೀರು ಕುಡಿದು ಎರಡೂವರೆ, ಮೂರು ಪಟ್ಟಾಗುತ್ತದೆ. ಹಾಗಾಗಿ ಬೆಂದ ಬೇಳೆ 100 ಗ್ರಾಂ ತಿಂದರೆ 22 ಗ್ರಾಂ ಸಿಗುವುದಿಲ್ಲ, ಏಳೋ ಎಂಟೋ ಸಿಗುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಲೆಕ್ಕ ತಪ್ಪುತ್ತಾರೆ.

ಈಗ ನಿಮ್ಮದೇ ತಟ್ಟೆ ತೆಗೆದುಕೊಳ್ಳಿ. ಬೆಳಿಗ್ಗೆ ಒಂದು ತಟ್ಟೆ ಉಪ್ಪಿಟ್ಟಿನಲ್ಲಿ 6 ಗ್ರಾಂ. ಮಧ್ಯಾಹ್ನದ ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಅಂದರೆ 7 ಗ್ರಾಂ, ಅನ್ನದಿಂದ 4. ರಾತ್ರಿ ಸ್ವಲ್ಪ ಚಿಕ್ಕ ಮುದ್ದೆ 5, ಅನ್ನ 4. ಕಾಫಿಯ ಹಾಲಿನಲ್ಲಿ 3. ಮಜ್ಜಿಗೆ ಒಂದೂವರೆ. ಕಾಯಿ, ತರಕಾರಿ ಎಲ್ಲ ಸೇರಿ 2. ಇನ್ನು ಬೇಳೆ. ನಿಮ್ಮ ಸಣ್ಣ ಲೋಟಕ್ಕೆ 100 ಗ್ರಾಂ ಅಂತ ಇಟ್ಟುಕೊಂಡರೆ ನಾಲ್ಕು ಜನಕ್ಕೆ ಹಂಚಿದಾಗ ಒಬ್ಬರಿಗೆ 25 ಗ್ರಾಂ. ಪ್ರೋಟೀನ್ ಲೆಕ್ಕದಲ್ಲಿ ಐದೂವರೆ ಗ್ರಾಂ. ಎಲ್ಲ ಕೂಡಿದರೆ 38.

ನಿಮಗೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವುದು ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ನಿಮ್ಮ 58 ಕೆಜಿಗೆ 48 ಗ್ರಾಂ. ನಮ್ಮ ಹಾಗೆ ಮುದ್ದೆ, ಅನ್ನವೇ ಜಾಸ್ತಿ ತಿನ್ನುವವರು ಕೆಜಿಗೆ 1 ಗ್ರಾಂ ಅಂತ ಇಟ್ಟುಕೊಳ್ಳುವುದು ವಾಸಿ, ಯಾಕಂದರೆ ಧಾನ್ಯದ ಪ್ರೋಟೀನ್ ಅಷ್ಟು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಅಂದರೆ ನಿಮಗೆ ಹತ್ತರಿಂದ ಇಪ್ಪತ್ತು ಗ್ರಾಂ ಖೋತಾ ಬೀಳುತ್ತಿದೆ. ಇದು ಗಾಬರಿಯಾಗುವ ಖೋತಾ ಏನಲ್ಲ, ಅಡುಗೆಮನೆಯಲ್ಲೇ ತುಂಬಿಕೊಳ್ಳಬಹುದು. ಇದೇ ಮಂಡಳಿ 2024ರಲ್ಲಿ ಕೊಟ್ಟ ಊಟದ ತಟ್ಟೆಯ ಮಾದರಿಯಲ್ಲಿ ಒಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಅಂತಿದೆ, ಮಾಂಸ ಮೊಟ್ಟೆ ತಿನ್ನುವವರು ಅದರಲ್ಲಿ ಸ್ವಲ್ಪ ಭಾಗಕ್ಕೆ ಅವನ್ನು ಹಾಕಿಕೊಳ್ಳಬಹುದು. ನಿಮ್ಮ ಮನೆಯಲ್ಲಿ 25. ವ್ಯತ್ಯಾಸ ಎಲ್ಲಿದೆ ನೋಡಿ.

ಇನ್ನೊಂದು ವಿಷಯ. ಆ 25 ಗ್ರಾಂ ಕೂಡ ಎಲ್ಲರಿಗೂ ಸಮನಾಗಿ ಹೋಗುತ್ತದೆಯೇ? ಸಾರು ಒಲೆಯಿಂದ ಇಳಿಸಿ ಹತ್ತು ನಿಮಿಷ ಬಿಟ್ಟರೆ ಬೇಳೆ ತಳ ಸೇರುತ್ತದೆ. ಮೇಲೆ ಒಗ್ಗರಣೆಯ ಎಣ್ಣೆ, ಕರಿಬೇವು, ಕೆಂಪಗಿನ ತಿಳಿ. ಸೌಟು ಮೇಲೆಮೇಲೆ ಆಡಿಸಿ ಬಡಿಸಿದರೆ ಮುದ್ದೆ ನುಂಗಲು ಅನುಕೂಲ, ಆದರೆ ತಟ್ಟೆಗೆ ಬಿದ್ದದ್ದು ಹುಣಸೆಹುಳಿ ಮತ್ತು ಖಾರದ ನೀರು. ನಿಮ್ಮ ಮಗ ಬರೀ ನೀರು ಅಂದದ್ದು ಇದಕ್ಕೇ ಇರಬಹುದು. ತಳ ಕಲಸಿ ಬಡಿಸಿ.

ಬಸ್ಸಾರಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಾಳು, ಸೊಪ್ಪು ಬೇಯಿಸಿ ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಬಸಿದ ಕಾಳು ಪಲ್ಯಕ್ಕೆ ಹೋಗುತ್ತದೆ. ಶಕ್ತಿ ಎಲ್ಲ ಕಟ್ಟಿನಲ್ಲಿದೆ ಅಂತ ನಮ್ಮ ಕಡೆ ಒಂದು ನಂಬಿಕೆ. ಬಾಣಂತಿಗೆ, ಕಾಯಿಲೆಯವರಿಗೆ, ಮಗುವಿಗೆ ಬೇಳೆ ಕಟ್ಟು ಕೊಡುವುದು ಅದಕ್ಕೇ. ಕಟ್ಟಿನಲ್ಲಿ ಖನಿಜಾಂಶ, ಕೆಲವು ಜೀವಸತ್ವ ಇರುತ್ತವೆ, ನಿಜ. ಆದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಹುರುಳಿ ಕಟ್ಟಿನ ಸಾರು ಹೊಟ್ಟೆ ತುಂಬ ಉಂಡು, ಹುರುಳಿಕಾಳನ್ನು ಎತ್ತಿಗೆ ಇಟ್ಟರೆ ಪ್ರೋಟೀನ್ ಸಿಕ್ಕಿದ್ದು ಎತ್ತಿಗೆ! ಬಸ್ಸಾರು ಮಾಡಿದ ದಿನ ಒಂದು ಚಮಚ ಪಲ್ಯ ನೆಂಚಿಕೊಳ್ಳುವ ಬದಲು ಒಂದು ಬಟ್ಟಲು ತಿನ್ನಿ.

ಸಸ್ಯಾಹಾರದ ಪ್ರೋಟೀನ್ ಅಪೂರ್ಣ, ಅದು ಲೆಕ್ಕಕ್ಕಿಲ್ಲ ಅಂತಲೂ ಜಿಮ್ ಕಡೆ ಹೇಳುತ್ತಾರೆ. ಪ್ರೋಟೀನ್ ಅನ್ನುವುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರ. ಅದರಲ್ಲಿ ಒಂಬತ್ತನ್ನು ಮೈ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ರಾಗಿ, ಅಕ್ಕಿ, ಗೋಧಿಯಲ್ಲಿ ಲೈಸೀನ್ ಅನ್ನುವುದು ಕಡಿಮೆ. ಬೇಳೆಕಾಳಿನಲ್ಲಿ ಲೈಸೀನ್ ಧಾರಾಳ, ಮೆಥಿಯೋನಿನ್ ಕಡಿಮೆ. ಆ ಮೆಥಿಯೋನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಹುರುಳಿ ಸಾರು, ಇಡ್ಲಿಗೆ ಉದ್ದು, ಜೋಳದ ರೊಟ್ಟಿಗೆ ಮಡಕಿಕಾಳಿನ ಪಲ್ಯ, ಪೊಂಗಲಿಗೆ ಹೆಸರುಬೇಳೆ. ಇವೆಲ್ಲ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳು. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದೇನಿಲ್ಲ, ದಿನದಲ್ಲಿ ಎರಡೂ ಹೊಟ್ಟೆಗೆ ಹೋದರೆ ಸಾಕು. ಧಾನ್ಯ ಮೂರು ಪಾಲಿಗೆ ಬೇಳೆ ಒಂದು ಪಾಲು ಇದ್ದರೆ ಒಳ್ಳೆಯದು. ನಮ್ಮಲ್ಲಿ ಅದು ಹತ್ತು ಪಾಲಿಗೆ ಒಂದು ಪಾಲಾಗಿಬಿಟ್ಟಿದೆ, ತೊಂದರೆ ಅಲ್ಲಿದೆ.

ಈಗ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅವರು ತಿನ್ನುವ ಗಂಜಿ, ಹಾಲು ಅನ್ನ, ನಾಲ್ಕು ಬಿಸ್ಕತ್ತು ಎಲ್ಲ ಕೂಡಿದರೆ 22ರಿಂದ 25 ಗ್ರಾಂ ಆಗಬಹುದು. ವಯಸ್ಸಾದವರಿಗೆ ಕಡಿಮೆ ತಿಂದರೂ ನಡೆಯುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಪ್ರೋಟೀನ್ ವಿಷಯದಲ್ಲಿ ಇದು ತಿರುಗಾಮುರುಗಾ. ವಯಸ್ಸಾದಂತೆ ಮೈ ಪ್ರೋಟೀನನ್ನು ಸ್ನಾಯುವಾಗಿ ಕಟ್ಟಿಕೊಳ್ಳುವ ಚುರುಕು ಕಳೆದುಕೊಳ್ಳುತ್ತದೆ. ಅದಕ್ಕೇ 65 ದಾಟಿದವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅನ್ನುವುದು ಈಗ ತಜ್ಞರು ಒಪ್ಪಿರುವ ಮಾತು. ನಿಮ್ಮ ಅತ್ತೆಗೆ 45ರಿಂದ 54 ಗ್ರಾಂ. ಸಿಗುತ್ತಿರುವುದು ಅದರ ಅರ್ಧ. ಮಗನಿಗಿಂತ ಅವರ ಖೋತಾ ಚಿಂತೆ ಮಾಡಬೇಕಾದದ್ದು.

ಊಟದಿಂದ ಬರದಿದ್ದಾಗ ಮೈ ಏನು ಮಾಡುತ್ತದೆ? ಗಾಯ ಮಾಯಬೇಕು, ರಕ್ತ ಆಗಬೇಕು, ಜ್ವರದ ವಿರುದ್ಧ ಹೋರಾಡಬೇಕು. ಅದಕ್ಕೆಲ್ಲ ಬೇಕಾದ ಅಮೈನೋ ಆಮ್ಲವನ್ನು ತನ್ನದೇ ತೊಡೆ, ಪೃಷ್ಠದ ಸ್ನಾಯು ಕರಗಿಸಿ ತೆಗೆದುಕೊಳ್ಳುತ್ತದೆ. ಕೂತಲ್ಲಿಂದ ಏಳಲು ಬೇಕಾದದ್ದು ಅದೇ ಸ್ನಾಯು. ಕೈಬಳೆ ಸಡಿಲವಾಗಿದೆಯೇ, ರವಿಕೆ ಜೋಲುತ್ತಿದೆಯೇ ನೋಡಿ. ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿಸಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಆಗಲೇ ಇಲ್ಲವಾದರೆ, ಕಾಲಿನ ಬಲ ಇಳಿದಿದೆ ಅಂತ ಅರ್ಥ. ಹೀಗೆ ಬಲ ಇಳಿದವರು ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆಗೇ ಪೆಟ್ಟು.

ಬೇಳೆ ತಿಂದರೆ ಮೊಣಕಾಲು ನೋವು ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಈ ವಯಸ್ಸಿನ ಮೊಣಕಾಲು ನೋವು ಹೆಚ್ಚಿನವರಲ್ಲಿ ಕೀಲು ಸವೆದು ಬರುವುದು. ಯೂರಿಕ್ ಆಮ್ಲದ ಸಂಧಿವಾತ ಬೇರೆ ಕಾಯಿಲೆ. ಅದು ಸಾಮಾನ್ಯವಾಗಿ ಹೆಬ್ಬೆರಳ ಬುಡದಲ್ಲಿ ಕೆಂಪಗೆ ಊದಿ, ಹೊದಿಕೆ ತಗುಲಿದರೂ ತಡೆಯಲಾಗದಂಥ ನೋವು ಕೊಡುತ್ತದೆ. ಆ ಕಾಯಿಲೆಗೂ ಮಾಂಸ, ಕೆಲವು ಮೀನು, ಮದ್ಯ ದಾರಿ ಮಾಡಿಕೊಡುತ್ತವೆಯೇ ಹೊರತು ಬೇಳೆಕಾಳು ತಿಂದವರಲ್ಲಿ ಅದು ಹೆಚ್ಚಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ತೊಡೆಯ ಸ್ನಾಯು ಸೊರಗಿದರೆ ಮೊಣಕಾಲಿನ ಮೇಲೆ ಭಾರ ಜಾಸ್ತಿ ಬಿದ್ದು ನೋವು ಹೆಚ್ಚಾಗುತ್ತದೆ. ಬೇಳೆ ಬಿಟ್ಟಿದ್ದರಿಂದ ನಿಮ್ಮ ಅತ್ತೆಗೆ ಆಗಿರುವುದು ಇದೇ ಇರಬಹುದು.

ಹಾಗಂತ ವಾಯು ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ಬೇಳೆಕಾಳಿನಲ್ಲಿ ರಾಫಿನೋಸ್ ಥರದ ಸಕ್ಕರೆಗಳಿವೆ. ಸಣ್ಣ ಕರುಳಿನಲ್ಲಿ ಅವು ಅರಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಉಬ್ಬರಿಸುವುದು ನಿಜ, ಅದು ಕೀಲಿಗೆ ಹೋಗಿ ಕೂರುವುದಿಲ್ಲ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಗ್ಯಾಸ್ ತುಂಬ ಕಡಿಮೆ. ಮೊಳಕೆ ಬರಿಸಿದರೆ ಇನ್ನೂ ಕಡಿಮೆ, ಆದರೆ ವಯಸ್ಸಾದವರಿಗೆ ಹಸಿ ಮೊಳಕೆಕಾಳು ಬೇಡ, ಬೇಯಿಸಿಯೇ ಕೊಡಿ. ಇಂಗು, ಶುಂಠಿ, ಜೀರಿಗೆ ಹಾಕುವ ರೂಢಿ ಇದ್ದೇ ಇದೆ. ವರ್ಷದಿಂದ ಬಿಟ್ಟವರಿಗೆ ಒಂದೇ ಸಲ ಹುರುಳಿಕಾಳು ಬಡಿಸಬೇಡಿ. ಮೊದಲ ವಾರ ಎರಡು ಚಮಚ ಬೆಂದ ಹೆಸರುಬೇಳೆ, ಆಮೇಲೆ ಅರ್ಧ ಬಟ್ಟಲು. ಕರುಳಿಗೂ ಒಗ್ಗಲು ಎರಡು ಮೂರು ವಾರ ಬೇಕು.

ಅವರ ಬಾಯಿಗೆ ಹಿಡಿಸುವಂಥದ್ದೇ ಕೊಡಿ. ಈಗಿನ ಗಂಜಿಯನ್ನೇ ನೀರಿನ ಬದಲು ಹಾಲಿನಲ್ಲಿ ಮಾಡಿ, ಅದಕ್ಕೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಿ. ಕೆನೆ ತೆಗೆದ ಹಾಲಿನ ಪುಡಿ ಅಂತ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ 100 ಗ್ರಾಂಗೆ 35 ಗ್ರಾಂ ಪ್ರೋಟೀನ್. ಎರಡು ದೊಡ್ಡ ಚಮಚ ಹಾಲಿಗೋ ಕಾಫಿಗೋ ಕದಡಿದರೆ 5 ಗ್ರಾಂ ಬಂತು, ರುಚಿಯೂ ಕೆಡುವುದಿಲ್ಲ. ಹೆಸರುಬೇಳೆ ಪೊಂಗಲ್, ಬೇಳೆ ಪಾಯಸ ಮಾಡಿ. ತಿಳಿಮಜ್ಜಿಗೆ ಬದಲು ಗಟ್ಟಿ ಮೊಸರು ಕೊಡಿ. ಹಲ್ಲಿಲ್ಲದವರಿಗೆ ನಾನು ತಪ್ಪದೆ ಹೇಳುವುದು ನುಚ್ಚಿನುಂಡೆ. ತೊಗರಿಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸುವುದು ನಿಮಗೆ ಗೊತ್ತೇ ಇದೆ. 200 ಗ್ರಾಂ ಬೇಳೆಗೆ ಹನ್ನೆರಡು ಉಂಡೆ ಬಂದರೆ ಒಂದರಲ್ಲಿ ಮೂರೂವರೆ ಗ್ರಾಂ. ಮಜ್ಜಿಗೆಹುಳಿಯಲ್ಲಿ ಮುರಿದು ಹಾಕಿದರೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ತಿಂದರೆ ಅರ್ಧ ಸಮಸ್ಯೆ ಮುಗಿಯಿತು.

ಒಂದೇ ಹೊತ್ತಿಗೆ ಎಲ್ಲವನ್ನೂ ತುರುಕಬೇಡಿ. ಮೂರು ಹೊತ್ತಿಗೂ ಸ್ವಲ್ಪ ಸ್ವಲ್ಪ ಬರಲಿ, ಬೆಳಗಿನ ತಿಂಡಿಯಲ್ಲಿ ಮುಖ್ಯವಾಗಿ. ತಿಂದದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸವೂ ಬೇಕು. ಕುರ್ಚಿಯ ಕೈ ಹಿಡಿದು ಎದ್ದು ಕೂರುವುದನ್ನೇ ಬೆಳಿಗ್ಗೆ ಐದು, ಸಂಜೆ ಐದು ಸಲ ಮಾಡಿಸಿ. ನೋವು ಜಾಸ್ತಿಯಾದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿ. ಇದರ ಜೊತೆಗೆ ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನೋಡಿಸಿ. ಮೊಟ್ಟೆ, ಮಾಂಸ ತಿನ್ನದವರಲ್ಲಿ ಬಿ12 ಕೊರತೆ ತೀರಾ ಸಾಮಾನ್ಯ. ಅದರಿಂದಲೂ ಕಾಲಿನಲ್ಲಿ ಬಲ ಇಲ್ಲದ ಹಾಗೆ, ಜೋಮು ಹಿಡಿದ ಹಾಗೆ ಆಗುತ್ತದೆ. ಅದಕ್ಕೆ ಬೇಳೆ ಮದ್ದಲ್ಲ, ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ಕ್ರಿಯಾಟಿನಿನ್ ಹೆಚ್ಚಿದ್ದರೆ ನಾನು ಮೇಲೆ ಹೇಳಿದ ಲೆಕ್ಕ ಬದಲಾಗುತ್ತದೆ, ಅದನ್ನು ತಿಳಿದುಕೊಂಡೇ ಊಟ ಹೆಚ್ಚಿಸಿ.

ಇನ್ನು ಕಿಡ್ನಿ. ಪ್ರೋಟೀನ್ ಮೈಯಲ್ಲಿ ಖರ್ಚಾದಾಗ ಅದರ ನೈಟ್ರೋಜನ್ ಭಾಗವನ್ನು ಲಿವರ್ ಯೂರಿಯಾ ಮಾಡುತ್ತದೆ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಜಾಸ್ತಿ ತಿಂದರೆ ಕಿಡ್ನಿಗೆ ಕೆಲಸ ಜಾಸ್ತಿ. ಸರಿಯಾಗಿರುವ ಕಿಡ್ನಿ ಆ ಕೆಲಸವನ್ನು ಮಾಡಿ ಮುಗಿಸುತ್ತದೆ. ಆರೋಗ್ಯವಂತರ ಕಿಡ್ನಿ ಪ್ರೋಟೀನಿನಿಂದಲೇ ಹಾಳಾಯಿತು ಅನ್ನುವುದು ಇದುವರೆಗೆ ಸಾಬೀತಾಗಿಲ್ಲ. ಮೊದಲೇ ಪೆಟ್ಟು ಬಿದ್ದಿರುವ ಕಿಡ್ನಿಯ ಕಥೆ ಬೇರೆ. ಅಂಥವರಿಗೆ ಕೆಜಿಗೆ 0.8 ಗ್ರಾಂ ಹತ್ತಿರ ನಿಲ್ಲಿಸಿ ಅನ್ನುತ್ತೇವೆ. ಡಯಾಲಿಸಿಸ್ ಶುರುವಾದ ಮೇಲೆ ಮತ್ತೆ ಜಾಸ್ತಿ ಬೇಕಾಗುತ್ತದೆ, ಯಾಕಂದರೆ ಡಯಾಲಿಸಿಸ್‌ನಲ್ಲಿ ಅಮೈನೋ ಆಮ್ಲಗಳೂ ಸೋರಿಹೋಗುತ್ತವೆ. ಕಿಡ್ನಿ ಕಾಯಿಲೆ ಅಂದ ಕೂಡಲೇ ಬೇಳೆ, ಹಾಲು ಪೂರ್ತಿ ನಿಲ್ಲಿಸಿ, ಮೂಳೆ ಚಕ್ಕಳವಾಗಿ ಬಂದವರನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಅದು ಇನ್ನೊಂದು ತಪ್ಪು.

ಹಾಗೆ ನೋಡಿದರೆ ನಿಮ್ಮ ಮನೆಯಲ್ಲಿ ಕಿಡ್ನಿ ಬಗ್ಗೆ ಯೋಚಿಸಬೇಕಾದವರು ನಿಮ್ಮ ಯಜಮಾನರು. ಆರು ವರ್ಷದ ಶುಗರ್ ಅಂದರೆ ಪ್ರತಿ ವರ್ಷ ಎರಡು ಪರೀಕ್ಷೆ ಆಗಲೇಬೇಕು. ರಕ್ತದಲ್ಲಿ ಕ್ರಿಯಾಟಿನಿನ್ ಒಂದು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇನ್ನೊಂದು. ಎರಡನೆಯದನ್ನು ಬಹಳ ಜನ ಮಾಡಿಸುವುದೇ ಇಲ್ಲ, ಕಿಡ್ನಿಗೆ ಪೆಟ್ಟು ಬೀಳುವುದು ಮೊದಲು ಗೊತ್ತಾಗುವುದು ಅದರಲ್ಲೇ. ಎರಡೂ ಚೆನ್ನಾಗಿದ್ದರೆ ಅವರು ಒಂದು ಸೌಟು ಅನ್ನ ಕಡಿಮೆ ಮಾಡಿ ಒಂದು ಬಟ್ಟಲು ಕಾಳು ಪಲ್ಯ ಸೇರಿಸಿಕೊಳ್ಳಲಿ. ಊಟದ ನಂತರದ ಶುಗರ್‌ಗೂ ಅದು ಒಳ್ಳೆಯದು. ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಪಾದ ಊದುತ್ತಿದ್ದರೆ ವರ್ಷ ಕಾಯಬೇಡಿ, ಈ ವಾರವೇ ತೋರಿಸಿ.

ಈಗ ಮಗ. ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ ಸಾಮಾನ್ಯರಿಗಿಂತ ಜಾಸ್ತಿ ಬೇಕು, ಟ್ರೈನರ್ ಹೇಳಿದ್ದರಲ್ಲಿ ಅಷ್ಟು ನಿಜ. ಕೆಜಿಗೆ 1.2ರಿಂದ 1.6 ಗ್ರಾಂ ಸಾಕು. ಅವನ 68 ಕೆಜಿಗೆ 80ರಿಂದ 110 ಗ್ರಾಂ. 150 ಅಂದರೆ ಕೆಜಿಗೆ 2.2 ಆಯಿತು. ಅಷ್ಟಕ್ಕೆ ಸ್ನಾಯು ಇನ್ನೂ ಜಾಸ್ತಿ ಬೆಳೆಯುವುದಿಲ್ಲ. ಮಿಕ್ಕಿದ್ದು ಇಂಧನವಾಗಿ ಉರಿಯುತ್ತದೆ, ಇಲ್ಲವೇ ಕೊಬ್ಬಾಗುತ್ತದೆ. ದುಬಾರಿ ಇಂಧನ ಅಷ್ಟೇ.

ನಿಮಗಿಂತ ಜಾಸ್ತಿ ಉಣ್ಣುವುದರಿಂದ ಅವನಿಗೆ ಮನೆಯೂಟದಲ್ಲೇ 50 ಗ್ರಾಂ ಸಿಗುತ್ತಿರಬಹುದು. ಅದಕ್ಕೆ ಅರ್ಧ ಲೀಟರ್ ಹಾಲು ಅಥವಾ ಮೊಸರು ಸೇರಿಸಿದರೆ 16, ಒಂದು ಹಿಡಿ ಕಡಲೆಬೀಜ 7, ಬೇಳೆ ಒಂದು ಬಟ್ಟಲು ಜಾಸ್ತಿ ತಿಂದರೆ ಐದಾರು, ಸೋಯಾ ಚಂಕ್ಸ್ ಒಣಗಿದ್ದು 30 ಗ್ರಾಂ ಹಾಕಿ ಪಲಾವೋ ಪಲ್ಯವೋ ಮಾಡಿದರೆ 15. ಅಲ್ಲಿಗೆ 90 ದಾಟಿತು. ಮಧ್ಯದಲ್ಲಿ ಬಾದಾಮಿ ವಿಷಯ ಹೇಳಿಬಿಡುತ್ತೇನೆ. ರಾತ್ರಿ ನೆನೆಸಿ ಸಿಪ್ಪೆ ಸುಲಿದು ಐದು ಬಾದಾಮಿ ತಿಂದರೆ ಸಿಗುವ ಪ್ರೋಟೀನ್ ಒಂದು ಗ್ರಾಂ ಚಿಲ್ಲರೆ. ನಮ್ಮ ಕಡಲೆಬೀಜದಲ್ಲಿ ಬಾದಾಮಿಗಿಂತ ಪ್ರೋಟೀನ್ ಜಾಸ್ತಿ. ನಿಮ್ಮ ಸೀಮೆಯ ಕೊಬ್ಬರಿಯಲ್ಲಿ ಮಾತ್ರ ಎಣ್ಣೆಯೇ ಹೆಚ್ಚು, ಪ್ರೋಟೀನ್ 100 ಗ್ರಾಂಗೆ 7 ಗ್ರಾಂ ಅಷ್ಟೇ. ಕೊಬ್ಬರಿ-ಬೆಲ್ಲ ತಿಂದು ಮೈ ಕಟ್ಟುತ್ತೇನೆ ಅಂದರೆ ಹೊಟ್ಟೆ ಬರುತ್ತದೆ.

ಸೋಯಾ ತಿಂದರೆ ಗಂಡಸುತನ ಹೋಗುತ್ತದೆ ಅನ್ನುವುದು ಸುಳ್ಳು. ಅದರಲ್ಲಿ ಸ್ತ್ರೀ ಹಾರ್ಮೋನನ್ನು ಹೋಲುವ ಐಸೋಫ್ಲೇವೋನ್ ಅನ್ನುವ ವಸ್ತುಗಳಿವೆ, ಅದರಿಂದ ಹುಟ್ಟಿದ ಭಯ ಇದು. ಸೋಯಾ ತಿಂದ ಗಂಡಸರ ಟೆಸ್ಟೋಸ್ಟೆರಾನ್ ಅಳೆದು ನೋಡಿದ್ದಾರೆ, ಇಳಿದಿಲ್ಲ. ಎಚ್ಚರ ಬೇಕಿರುವುದು ನಿಮಗೆ. ಸೋಯಾ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲಿ ಸರಿಯಾಗಿ ಹೀರಲು ಬಿಡುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಸೋಯಾ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನಾಲ್ಕು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಮಾತು.

ಪುಡಿಯ ಡಬ್ಬಿ ವಿಷ ಅಲ್ಲ. ಅದು ಹಾಲು ಒಡೆದು ಚೀಸ್ ಮಾಡಿದಾಗ ಉಳಿಯುವ ನೀರಿನಿಂದ ತೆಗೆದದ್ದು. ನೀವು ಪನೀರ್ ಮಾಡಿ ಚೆಲ್ಲುವ ಹಸಿರು ಬಣ್ಣದ ನೀರಿದೆಯಲ್ಲ, ಹೆಚ್ಚುಕಡಿಮೆ ಅದನ್ನೇ ಸೋಸಿ ಒಣಗಿಸಿದ್ದು. (ಮನೆಯಲ್ಲಿ ಆ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿ.) ಒಳ್ಳೆಯ ಪುಡಿಯಾದರೆ 30 ಗ್ರಾಂನ ಒಂದು ಅಳತೆ ಚಮಚದಲ್ಲಿ 24 ಗ್ರಾಂ ಪ್ರೋಟೀನ್ ಇರುತ್ತದೆ. ಅನುಕೂಲ, ಬೇಗ ಅರಗುತ್ತದೆ. ಇಷ್ಟು ಬಿಟ್ಟರೆ ಅದರಲ್ಲಿ ಹಾಲಿಗಿಂತ ಹೊಸ ಮಾಯೆ ಏನಿಲ್ಲ. ಹಾಲು ಆಗಿಬರದವರಿಗೆ ಹೊಟ್ಟೆ ಕೆಡುತ್ತದೆ, ಕೆಲವರಿಗೆ ಮೊಡವೆ ಏಳುತ್ತದೆ.

ನನಗೆ ಪುಡಿಗಿಂತ ಅದರ ಮೇಲಿನ ಚೀಟಿ ಬಗ್ಗೆ ಅನುಮಾನ ಜಾಸ್ತಿ. 2024ರಲ್ಲಿ ಕೇರಳದ ವೈದ್ಯರು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆಗೆ ಹಾಕಿಸಿದರು. ಮೂರರಲ್ಲಿ ಎರಡಕ್ಕಿಂತ ಹೆಚ್ಚಿನವುಗಳಲ್ಲಿ ಚೀಟಿಯ ಲೆಕ್ಕಕ್ಕೂ ಒಳಗಿನದಕ್ಕೂ ತಾಳೆಯಾಗಲಿಲ್ಲ. ಮೋಸ ಹೇಗೆ ನಡೆಯುತ್ತದೆ ಅಂದರೆ, ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಎಷ್ಟಿದೆ ನೋಡಿ 6.25ರಿಂದ ಗುಣಿಸುತ್ತಾರೆ. ಹಾಗಾಗಿ ಗ್ಲೈಸೀನ್, ಟೌರೀನ್ ಥರದ ಅಗ್ಗದ ವಸ್ತು ಬೆರೆಸಿದರೂ ಲೆಕ್ಕದಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಹೋಗುವ ಹಾಲಿಗೆ ಮೆಲಮೈನ್ ಅನ್ನುವ, ನೈಟ್ರೋಜನ್ ಹೆಚ್ಚಿರುವ ರಾಸಾಯನಿಕ ಬೆರೆಸಿದ್ದು ಇದೇ ಉಪಾಯದಿಂದ. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಕಿಡ್ನಿಯಲ್ಲಿ ಕಲ್ಲಾಗಿ ಆರು ಕೂಸುಗಳು ತೀರಿಕೊಂಡವು.

ಮಗನ ಡಬ್ಬಿ ಕೈಗೆ ತೆಗೆದುಕೊಂಡು ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. 100 ಗ್ರಾಂಗೆ ಪ್ರೋಟೀನ್ 70ಕ್ಕಿಂತ ಮೇಲಿರಬೇಕು. ಇಪ್ಪತ್ತೋ ಮೂವತ್ತೋ ಇದ್ದು "ಮಾಸ್ ಗೇನರ್" ಅಂತ ಬರೆದಿದ್ದರೆ ಅದು ಮುಖ್ಯವಾಗಿ ಸಕ್ಕರೆ ಜಾತಿಯ ಪುಡಿ, ಶುಗರ್ ಇರುವ ಮನೆತನದ ಹುಡುಗನಿಗೆ ಬೇಡವೇ ಬೇಡ. ಡಬ್ಬಿ ಸರಿಯಿದ್ದರೆ ದಿನಕ್ಕೆ ಒಂದು ಅಳತೆ ಚಮಚದ ಮಟ್ಟಿಗೆ ಅಡ್ಡಿಯಿಲ್ಲ. ತಂದೆಗೆ ಶುಗರ್ ಇರುವುದರಿಂದ ಅವನೂ ಒಮ್ಮೆ ರಕ್ತದೊತ್ತಡ, ಶುಗರ್, ಕ್ರಿಯಾಟಿನಿನ್ ನೋಡಿಸಿಕೊಳ್ಳಲಿ. ಕ್ರಿಯಾಟಿನ್ ಅನ್ನುವ ಬೇರೆ ಪುಡಿಯನ್ನೂ ತಿನ್ನುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಲಿ. ಅದರಿಂದ ಕಿಡ್ನಿ ಸರಿಯಿದ್ದರೂ ಕ್ರಿಯಾಟಿನಿನ್ ಅಂಕಿ ಮೇಲೇರಿ ಎಲ್ಲರೂ ಸುಮ್ನೆ ಗಾಬರಿಯಾಗುತ್ತಾರೆ. ಚೀಟಿಯಿಲ್ಲದ ಪೊಟ್ಟಣ, ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ಇವುಗಳನ್ನು ಜಿಮ್‌ನಲ್ಲಿ ಯಾರೇ ಕೊಟ್ಟರೂ ಮುಟ್ಟಬಾರದು. ಅವುಗಳಲ್ಲಿ ಸ್ಟೀರಾಯ್ಡ್ ಇರಬಹುದು. ಯಜಮಾನರು ಹೆದರುವುದಿದ್ದರೆ ಅದಕ್ಕೆ ಹೆದರಲಿ. ಡಬ್ಬಿ ಬಚ್ಚಿಟ್ಟರೆ ಹುಡುಗ ಅಂಥದ್ದನ್ನು ಕದ್ದು ತಿನ್ನಲು ಶುರುಮಾಡುತ್ತಾನೆ. ಟೇಬಲ್ ಮೇಲೆ ಇರುವುದೇ ಒಳ್ಳೆಯದು.

ಕೊನೆಗೆ ನಿಮ್ಮದು. ಹಾಕುವ ಬೇಳೆಯನ್ನು ಎರಡು ಲೋಟ ಮಾಡಿ. ಸಾರು ಗಟ್ಟಿಯಾಗುತ್ತದೆ ಅಂತ ಮನೆಯವರು ಗೊಣಗಿದರೆ, ಹೆಚ್ಚಿನ ಬೇಳೆಯನ್ನು ಕೋಸಂಬರಿ, ಉಸಲಿ ಮಾಡಿ ಪಕ್ಕಕ್ಕೆ ಬಡಿಸಿ. ಅವರೆಕಾಯಿ ಕಾಲದಲ್ಲಿ ಈ ಚಿಂತೆಯೇ ಇರುವುದಿಲ್ಲ, ಹಿತಕಿದ ಬೇಳೆ ಎಷ್ಟು ಹಾಕಿದರೂ ಯಾರೂ ಗೊಣಗುವುದಿಲ್ಲ. ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಕಡಲೆಬೀಜ ನಿಮ್ಮ ಪಾಲಿಗೆ ಮೊದಲೇ ಎತ್ತಿಡಿ. ಇಷ್ಟಕ್ಕೇ ನಿಮ್ಮ 38 ಹೋಗಿ 54 ಆಗುತ್ತದೆ. ಮೊದಲೇ ಎತ್ತಿಡಿ ಅಂದದ್ದು ಯಾಕೆ ಅಂತ ನಿಮಗೆ ಗೊತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿಗೆ ಮೊಸರಿನ ಪಾತ್ರೆ ತೊಳೆದ ಮಜ್ಜಿಗೆಯೇ ಗತಿ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬರುತ್ತಿದೆ. ಆಮೇಲೆ ಸ್ನಾಯು, ಮೂಳೆ ಎರಡೂ ಬೇಗ ಸವೆಯುತ್ತವೆ. ಅತ್ತೆಯವರ ಜೊತೆ ನೀವೂ ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಿ, ನಿಮ್ಮದು ಕೈ ಹಿಡಿಯದೆ.

ಮೂರು ತಿಂಗಳು ಬಿಟ್ಟು ಅತ್ತೆಯವರ ತೂಕ, ಆ ಐದು ಸಲದ ಸೆಕೆಂಡು, ಯಜಮಾನರ ಮೂತ್ರ ಪರೀಕ್ಷೆಯ ವರದಿ ಮೂರನ್ನೂ ಬರೆದು ಕಳಿಸಿ. ಅತ್ತೆಯವರ ತೂಕ ಅಷ್ಟರೊಳಗೆ 45ಕ್ಕಿಂತ ಕೆಳಗೆ ಇಳಿದರೆ ಮಾತ್ರ ನನ್ನ ಉತ್ತರಕ್ಕೆ ಕಾಯಬೇಡಿ, ವೈದ್ಯರಿಗೆ ತೋರಿಸಿ.